ಬ್ಯಾನಿ ಮೊಣಕಾಲಾಗ, ತಿಕ್ಕೋದು ತೊಡಿಗಿ: ಲಕ್ಕಿ ಎಣ್ಣೆಯ ಇಪ್ಪತ್ತೊಂದು ದಿನ

ತೊಗರಿ ರಾಶಿ ಮುಗಿದು ಕೈ ಬಿಡುವಾಗುವುದು ಜನವರಿ ಕೊನೆಗೆ. ಮೈಕೈ ನೋವು ಲೆಕ್ಕಕ್ಕೆ ಬರುವುದೂ ಆವಾಗಲೇ. ಈ ಸಲ ನಾವು ಎಣ್ಣೆ ಕಾಸಿ, ತಿಕ್ಕಿ, ಇಪ್ಪತ್ತೊಂದು ದಿನ ಆರೈಕೆ ಮಾಡಿದ್ದು ಅಂಥದೇ ಎರಡು ಮೊಣಕಾಲಿಗೆ. ಕಲಬುರಗಿಯ ಹಳೆ ಓಣಿ, ಶಹಾಬಾದ್ ಫರ್ಸಿ ಹಾಸಿದ ಮನೆ. ಕಾಕಿಗೆ ಐವತ್ತೆಂಟು ದಾಟಿದೆ. ನೆಲದ ಮೇಲೆ ಒಂದು ಮೊಣಕಾಲು ಎತ್ತಿಕೊಂಡು ರೊಟ್ಟಿ ಬಡಿದು, ಕುಕ್ಕರಗಾಲಲ್ಲಿ ಕಳೆ ತೆಗೆದು ಬಂದವರು. ಬೆಳಗ್ಗೆ ಎದ್ದರೆ ಹತ್ತು ಹದಿನೈದು ನಿಮಿಷ ಕಾಲು ಮಡಚಲು ಬರುತ್ತಿರಲಿಲ್ಲ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು ನೋವು. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಇಟ್ಟಿದ್ದೇವೆ, ಎಲ್ಲಿ ಕೆಡುತ್ತದೆ ಎಂಬುದರ ಸಮೇತ.

ಮೊದಲನೆ ದಿನ ಎಣ್ಣೆಯ ಸುದ್ದಿಗೇ ಹೋಗಲಿಲ್ಲ. ಎಲ್ಲ ಮೊಣಕಾಲೂ ತಿಕ್ಕುವ ಮೊಣಕಾಲಲ್ಲ. ಮುಂಗೈ ಹಿಂಬದಿಯನ್ನು ಒಂದು ಮೊಣಕಾಲಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ಇಟ್ಟು ನೋಡಬೇಕು. ಒಂದು ಮಾತ್ರ ಬಿಸಿಯಾಗಿ, ಕೆಂಪಾಗಿ, ಬಾತುಕೊಂಡಿದ್ದು ಮೈಯಲ್ಲಿ ಜ್ವರವೂ ಇದ್ದರೆ ಕೀಲಿನೊಳಗೆ ಕೀವು ಆಗಿರುವ ಸಾಧ್ಯತೆ. ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಕೇಸು. ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಡದಂತೆ ಉರಿದರೆ ಯೂರಿಕ್ ಆಮ್ಲದ ಕಾಟ. ಅದನ್ನು ತಿಕ್ಕಿದರೆ ಕೂಗಿಸಿದಂತೆಯೇ ಹೊರತು ಬೇರೇನೂ ಆಗದು. ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಪುಪ್ಪುಸಕ್ಕೆ ಹೋಗುವ ಅಪಾಯವಿದೆ, ಮುಟ್ಟಲೇಬಾರದು. ಬೆಳಗಿನ ಬಿಗಿತ ಅರ್ಧ ತಾಸಿನೊಳಗೆ ಬಿಟ್ಟರೆ ಸಾಮಾನ್ಯವಾಗಿ ಕೀಲಿನ ಸವಕಲು; ತಾಸುಗಟ್ಟಲೆ ಬಿಡದೆ, ಎರಡೂ ಕೈಬೆರಳಿನ ಕೀಲುಗಳೂ ಹಿಡಿದುಕೊಂಡರೆ ಅದು ಉರಿಯೂತದ ಸಂಧಿವಾತ. ಅದಕ್ಕೆ ರಕ್ತ ಪರೀಕ್ಷೆ, ಮಾತ್ರೆ ಬೇಕು, ಬರೀ ಎಣ್ಣೆಯಿಂದ ನಿಲ್ಲುವುದಿಲ್ಲ. ಉಳುಕಿ ಎರಡು ದಿನ ಆಗದ ಕಾಲಿಗೂ ತಿಕ್ಕುವಂತಿಲ್ಲ, ಕಾವೂ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ, ಕಾಲು ಎತ್ತರಕ್ಕೆ, ಅಷ್ಟೇ.

ಈ ಸೀಮೆಯಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಲೇಬೇಕು: ಯಾವ ನೀರು ಕುಡಿದು ಬೆಳೆದಿರಿ? ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮ್ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಚಿಕ್ಕಂದಿನಿಂದ ವರ್ಷಗಟ್ಟಲೆ ಅಂಥ ನೀರು ಕುಡಿದವರಿಗೆ ಹಲ್ಲು ಕಂದು ಪಟ್ಟೆಯಾಗುತ್ತದೆ, ಆಮೇಲೆ ಕತ್ತು, ಟೊಂಕ, ಮೊಣಕಾಲು ಬಿಗಿಯುತ್ತವೆ. ಅಲ್ಲಿ ಮೊದಲು ನೀರು ಬದಲಾಗಬೇಕು, ಎಣ್ಣೆ ಆಮೇಲೆ. ಕಾಕಿಯ ಹಲ್ಲು ಸ್ವಚ್ಛ ಇದ್ದವು, ಜ್ವರವಿಲ್ಲ, ಕೆಂಪಿಲ್ಲ. ಕಾಲು ಮಡಚಿದರೆ ಅಂಗೈಯಡಿ ಕರಕರ ಎನ್ನುತ್ತಿತ್ತು, ತೊಡೆ ಮಾತ್ರ ಸೊರಗಿತ್ತು. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಿದೆವು: ಆರು. ಈ ಅಂಕಿ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು. "ಛಲೋ ಅನಸ್ತದ" ಎಂಬ ಮಾತು ದಿನಕ್ಕೊಂದು ಥರ ಇರುತ್ತದೆ.

ಎರಡನೆ ದಿನ ಎಣ್ಣೆ. ಲಕ್ಕಿ ಗಿಡ ಹಳ್ಳದ ದಂಡೆಯಲ್ಲಿ, ಹೊಲದ ಬೇಲಿಯಲ್ಲಿ ಸಿಗುತ್ತದೆ. ಒಂದು ತೊಟ್ಟಿಗೆ ಮೂರೋ ಐದೋ ಎಲೆ, ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಳಿದಂತೆ ಬಿಳುಪು. ತಿಕ್ಕಿ ಮೂಸಿದರೆ ಮೂಗಿಗೆ ಖಾರ ಹೊಡೆಯುತ್ತದೆ. ವಾಸನೆ ಇಲ್ಲದಿದ್ದರೆ ಅದು ಲಕ್ಕಿಯಲ್ಲ. ಔಷಧಿ ಹೊಡೆದ ಹೊಲದ ಬದುವಿನ ಸೊಪ್ಪು ಬೇಡ. ತೊಗರಿಗೆ ಕಾಯಿಕೊರಕದ ಔಷಧಿ ಎಷ್ಟು ಬೀಳುತ್ತದೆಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಳತೆ ಹೀಗೆ. ಹಸಿ ಲಕ್ಕಿ ಸೊಪ್ಪು ಕಡ್ಡಿ ತೆಗೆದು 1 ಕಿಲೋ, ನೀರು 4 ಲೀಟರ್. ಮುಚ್ಚದೆ ಕುದಿಸಿ 1 ಲೀಟರಿಗೆ ಇಳಿಸಿ ಹಿಂಡಿ ಸೋಸಿದರೆ ಕಷಾಯ. ಎಣ್ಣೆ ಒಟ್ಟು 250 ಮಿಲಿ: ಗಾಣದ ಎಳ್ಳೆಣ್ಣೆ 200, ಔಡಲೆಣ್ಣೆ 50. ರುಬ್ಬುವುದಕ್ಕೆ ಒಣಶುಂಠಿ 15 ಗ್ರಾಂ, ಅಜವಾನ 10, ಬಳ್ಳೊಳ್ಳಿ 10, ಅರಿಷಿಣ 5. ಸ್ವಲ್ಪ ಕಷಾಯ ಹಾಕಿ ನುಣ್ಣಗೆ ಅರೆದರೆ ಕಲ್ಕ. ಎಣ್ಣೆಯ ನಾಲ್ಕು ಪಟ್ಟು ಕಷಾಯ, ಎಣ್ಣೆಯ ಆರನೇ ಒಂದು ಪಾಲು ಕಲ್ಕ. ಆಯುರ್ವೇದದಲ್ಲಿ ಕಷಾಯ ಹಾಕಿ ತೈಲ ಮಾಡುವ ಲೆಕ್ಕ ಇದೇ, ನಾವು ಹೊಸದೇನೂ ಸೇರಿಸಿಲ್ಲ.

ನಮ್ಮ ಕಡೆ ಮನೆಮನೆಯಲ್ಲಿ ಕುಸುಬಿ ಎಣ್ಣೆ ಇರುತ್ತದೆ, ಅದನ್ನೇ ಯಾಕೆ ಹಾಕಬಾರದೆಂದು ಕೇಳುತ್ತಾರೆ. ತಾಸುಗಟ್ಟಲೆ ಕಾಯಿಸಿದರೆ ಕುಸುಬಿ ಎಣ್ಣೆ ಗಟ್ಟಿಯಾಗಿ ಅಂಟಂಟಾಗುತ್ತದೆ. ಒಣಗುವ ಜಾತಿಯ ಎಣ್ಣೆ ಅದು, ಒಗ್ಗರಣೆಗೆ ಸರಿ. ದೇವರ ದೀಪದ ಎಣ್ಣೆ ಅಂತೂ ಬೇಡವೇ ಬೇಡ, ಅದರಲ್ಲಿ ಏನೇನು ಬೆರೆತಿದೆಯೋ ಬಾಟಲಿಯ ಮೇಲೆ ಬರೆದಿರುವುದಿಲ್ಲ. ಔಡಲೆಣ್ಣೆ ಕೈಗೆ ಹಿಡಿತ ಕೊಡುತ್ತದೆ. ಆದರೆ ಐದನೇ ಒಂದು ಪಾಲಿಗಿಂತ ಹೆಚ್ಚಾದರೆ ಕೈ ಜಾರುವುದೇ ಇಲ್ಲ, ಕೂದಲು ಎಳೆದು ನೋಯಿಸುತ್ತದೆ.

ಪಾತ್ರೆ ದಪ್ಪ ತಳದ್ದು, ಹಾಕಿದ ಸಾಮಾನಿನ ಮೂರು ಪಟ್ಟು ದೊಡ್ಡದು ಇರಲಿ. ಎಣ್ಣೆ, ಕಷಾಯ, ಕಲ್ಕ ಮೂರನ್ನೂ ತಣ್ಣಗಿರುವಾಗಲೇ ಕೂಡಿಸಿ ಸಣ್ಣ ಉರಿಯಲ್ಲಿ ಇಡಬೇಕು. ಕಾದ ಎಣ್ಣೆಗೆ ಕಷಾಯ ಸುರಿದರೆ ಸಿಡಿದು ಮುಖ ಸುಡುತ್ತದೆ. ಮೊದಲ ಒಂದೂವರೆ ತಾಸು ಏನೂ ನಡೆಯುವುದಿಲ್ಲ, ನೀರು ಇರುವ ತನಕ ಶಾಖ ಕುದಿನೀರಿನ ಮಟ್ಟ ದಾಟುವುದೇ ಇಲ್ಲ. ಕೆಡುವುದು ಕೊನೆಯ ಹತ್ತು ನಿಮಿಷದಲ್ಲಿ. ನೀರು ಆರಿದ ಕೂಡಲೇ ಶಾಖ ಸರ್ರನೆ ಏರುತ್ತದೆ, ತಳದ ಕಲ್ಕ ಕರಕಾಗುತ್ತದೆ, ಎಣ್ಣೆ ಕಮಟು ಹೊಡೆಯುತ್ತದೆ. ಫೋನು ಬಂತೆಂದು ಹೊರಗೆ ಹೋದವರ ಎಣ್ಣೆ ಹಾಳಾಗುವುದು ಇಲ್ಲೇ. ಕುದಿಯುವ ಸದ್ದು ಸಣ್ಣಗಾಗುತ್ತ ಬಂದಾಗ ಸೌಟು ಕೈಯಲ್ಲಿರಬೇಕು, ತಳ ಕೆರೆಯುತ್ತಿರಬೇಕು.

ಹದ ನೋಡುವುದು ಕಣ್ಣಿಗಿಂತ ಬೆರಳಿಗೆ ಗೊತ್ತು. ಸೌಟಿನ ತುದಿಯಲ್ಲಿ ಕಡಲೆಕಾಳಷ್ಟು ಕಲ್ಕ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಬೇಕು. ಬೆರಳಿಗೆ ಮೆತ್ತಿದರೆ ಇನ್ನೂ ನೀರಿದೆ. ಬತ್ತಿಯಂತೆ ಹೊಸೆದು ಬಂದರೆ ಹದ. ಪುಡಿಯಾಗಿ ಉದುರಿದರೆ ದಾಟಿಹೋಯಿತು. ಹೊಸೆದ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಅನ್ನಬಾರದು. ಚಟಗುಟ್ಟಿದರೆ ನೀರು ಇನ್ನೂ ಉಳಿದಿದೆ. ಅದೇ ಹೊತ್ತಿಗೆ ಎಣ್ಣೆಯ ಮೇಲೆ ಸಣ್ಣ ನೊರೆ ಏಳುತ್ತದೆ. ಒಲೆ ಆರಿಸಿ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಬೇಕು. ಪಾತ್ರೆಯಲ್ಲೇ ಬಿಟ್ಟರೆ ತಳದ ಶಾಖಕ್ಕೆ ಕಲ್ಕ ಬೇಯುತ್ತಲೇ ಇರುತ್ತದೆ. ಕೈಗೆ ತಡೆಯುವಷ್ಟು ಆರಿದ ಮೇಲೆ 5 ಗ್ರಾಂ ಕರ್ಪೂರ ಪುಡಿ ಮಾಡಿ ಹಾಕಿ ಮುಚ್ಚಿಡುವುದು. ಒಲೆಯ ಮೇಲಿರುವಾಗ ಹಾಕಿದರೆ ಅರ್ಧ ಹೊಗೆಯಾಗಿ ಹೋಗುತ್ತದೆ, ಬೆಂಕಿಯೂ ಹತ್ತುತ್ತದೆ. ಕೂಸುಗಳಿರುವ ಮನೆಯಲ್ಲಿ ಕರ್ಪೂರ ಬಿಟ್ಟೇ ಬಿಡಿ, ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. 250 ಮಿಲಿಯಲ್ಲಿ ನಮಗೆ ಸಿಕ್ಕಿದ್ದು 210ರ ಹತ್ತಿರ, ಉಳಿದದ್ದನ್ನು ಕಲ್ಕ ಕುಡಿಯಿತು. ಗಾಜಿನ ಬಾಟಲಿ ಬಿಸಿಲಿಗೆ ಒಣಗಿಸಿರಬೇಕು. ಒಂದು ಹನಿ ನೀರು ಉಳಿದರೂ ಎಣ್ಣೆ ಬೇಗ ಕೆಡುತ್ತದೆ.

ಮೂರನೆ ದಿನದಿಂದ ತಿಕ್ಕುವುದು. ಹಿಂದಿನ ಸಂಜೆಯೇ ಮೊಣಕೈ ಒಳಬದಿಗೆ ಎರಡು ಹನಿ ಹಚ್ಚಿ, ಮರುದಿನ ಬೆಳಗ್ಗೆ ತುರಿಕೆ, ದದ್ದು ಇಲ್ಲವೆಂದು ನೋಡಿಕೊಂಡೆವು. ಹೊತ್ತು ಬೆಳಗಿನ ಏಳು, ನಾಷ್ಟಾಕ್ಕೆ ಮೊದಲು. ಎಣ್ಣೆಯನ್ನು ನೇರ ಒಲೆಗೆ ಇಡದೆ, ಬಿಸಿನೀರಿನ ಬಟ್ಟಲಲ್ಲಿ ಸಣ್ಣ ಬಟ್ಟಲಿಟ್ಟು ಕಾಯಿಸಿ, ಮಣಿಕಟ್ಟಿನ ಒಳಮೈಗೆ ಹಚ್ಚಿ ಬಿಸಿ ನೋಡುವುದು. ಎರಡು ಕಾಲಿಗೆ 12 ಮಿಲಿ ಸಾಕು, ಅಂದರೆ ಎರಡೂವರೆ ಚಹಾ ಚಮಚ. ಸುರಿದಷ್ಟೂ ಗುಣ ಎಂಬುದು ಸುಳ್ಳು. ಎಣ್ಣೆ ಹೆಚ್ಚಾದರೆ ಕೈ ಜಾರುತ್ತದೆ, ಒತ್ತಡ ಸ್ನಾಯುವಿಗೆ ಇಳಿಯುವುದಿಲ್ಲ.

ಕಾಕಿಯನ್ನು ಮಂಚದ ಮೇಲೆ ಮಲಗಿಸಿ ಮೊಣಕಾಲಡಿ ಕೌದಿ ಮಡಿಚಿ ಇಟ್ಟೆವು. ಕಾಲು ಪೂರ್ತಿ ಚಾಚಿದ್ದರೆ ತೊಡೆ ಬಿಗಿದಿರುತ್ತದೆ. ಸ್ವಲ್ಪ ಮಡಚಿದ್ದರೆ ಸಡಿಲ. ಎಲ್ಲರೂ ಎಣ್ಣೆ ಸುರಿದು ಮೊಣಚಿಪ್ಪನ್ನೇ ತಿಕ್ಕುತ್ತಾರೆ. ಚಿಪ್ಪಿನ ಮೇಲೆ ಇರುವುದು ಚರ್ಮ, ಎಲುಬು, ಅಷ್ಟೇ. ಒತ್ತಿದರೆ ಸವೆದ ಜಾಗಕ್ಕೆ ಇನ್ನಷ್ಟು ಉಜ್ಜು. ಚಿಪ್ಪನ್ನು ಮೇಲಕ್ಕೆ ಎಳೆದು ಹಿಡಿದಿರುವುದು ತೊಡೆಯ ಮುಂಭಾಗದ ಸ್ನಾಯು. ನೋವಿಗೆ ಅಂಜಿ ಅದು ಬಿಗಿದುಕೊಂಡಿರುತ್ತದೆ, ಬಿಗಿದಷ್ಟೂ ಚಿಪ್ಪು ಒತ್ತುತ್ತದೆ. ಹಾಗಾಗಿ ಒಂದು ಕಾಲಿನ ಹದಿನೈದು ನಿಮಿಷದಲ್ಲಿ ಎಂಟು ನಿಮಿಷ ತೊಡೆಗೇ.

"ಬ್ಯಾನಿ ಇಲ್ಲಿ ಅದ, ನೀವು ಅಲ್ಲಿ ತಿಕ್ಕಾಕ್ಹತ್ತೀರಿ," ಅಂದರು ಕಾಕಿ.

"ತಡೀ ಕಾಕಿ, ಇದನ್ನ ಬಿಡಸಿದ್ರ ಅದು ಬಿಡ್ತದ."

ಮೊದಲು ಎರಡೂ ಅಂಗೈ ಅಗಲ ಮಾಡಿ ಮೊಣಕಾಲಿನ ಮೇಲಿನಿಂದ ತೊಡೆಸಂದಿನ ಕಡೆಗೆ ಇಪ್ಪತ್ತು ಸಲ ನಿಧಾನ ನೀವುವುದು. ಮೇಲೆ ಹೋಗುವಾಗ ಒತ್ತು, ಕೆಳಗೆ ಬರುವಾಗ ಬರೀ ಸ್ಪರ್ಶ. ಆಮೇಲೆ ಜೋಳದ ಹಿಟ್ಟು ನಾದುವಂತೆ ಅಂಗೈಯ ಬುಡದಿಂದ ಒತ್ತಿ ಮುಂದೂಡುವುದು. ರೊಟ್ಟಿ ಬಡಿಯುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮೊಣಕಾಲಿನ ಒಳಬದಿಗೆ, ಚಿಪ್ಪಿನಿಂದ ನಾಲ್ಕು ಬೆರಳು ಮೇಲೆ, ನೀರಹನಿ ಆಕಾರದ ಒಂದು ಉಬ್ಬು ಇದೆ. ಸವಕಲು ಮೊಣಕಾಲಿನವರಲ್ಲಿ ಅಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಗುತ್ತದೆ. ಹೆಬ್ಬೆರಳಿನಿಂದ ಒತ್ತಿ 30 ಸೆಕೆಂಡು ಹಿಡಿದು ಮೆಲ್ಲಗೆ ಬಿಡಬೇಕು, ಮೂರು ಸಲ. ಒತ್ತು ಎಷ್ಟು? ಮುಖ ನೋಡಿ. ಹುಬ್ಬು ಗಂಟಿಕ್ಕಿ ಉಸಿರು ಬಿಗಿಹಿಡಿದರೆ ಹೆಚ್ಚಾಯಿತು. "ಹ್ಞೂಂ, ಅದೇ ಜಾಗ" ಅಂದು ಉಸಿರು ಬಿಟ್ಟರೆ ಸರಿ. ಕಾಕಿ ಮೂರನೇ ಸಲಕ್ಕೆ ಉಸಿರು ಬಿಟ್ಟರು, ಗಂಟು ಕರಗಲಿಲ್ಲ, ಮೆತ್ತಗಾಯಿತು. ತೊಡೆಯ ಹೊರಬದಿಯ ಪಟ್ಟಿ ಎಲ್ಲರಿಗೂ ನೋಯುತ್ತದೆ, ಅಲ್ಲಿ ಹಠ ಬೇಡ.

ತೊಡೆ ಸಡಿಲಾದ ಮೇಲೆ ಚಿಪ್ಪಿನ ಅಂಚನ್ನು ಎರಡು ಹೆಬ್ಬೆರಳು, ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಹತ್ತತ್ತು ಸಲ ಸರಿಸುವುದು, ಒತ್ತದೆ. ಚಿಪ್ಪಿನ ಸುತ್ತ ಕೀಲಿನ ಗೆರೆಯ ಮೇಲೆ ಹೆಬ್ಬೆರಳಲ್ಲಿ ಸಣ್ಣ ಸುತ್ತು, ಎರಡು ನಿಮಿಷ. ಮೊಣಕಾಲಿನ ಹಿಂದಿನ ಗುಳಿಯಲ್ಲಿ ಹೆಬ್ಬೆರಳು ಊರಲೇಬಾರದು. ದೊಡ್ಡ ರಕ್ತನಾಳ, ನರ ಎರಡೂ ಅಲ್ಲೇ ಹಾದುಹೋಗುತ್ತವೆ. ಅಂಗೈ ಹಾಯಿಸಿದರೆ ಸಾಕು. ಕೊನೆಗೆ ಮೀನಖಂಡ ಕೆಳಗಿನಿಂದ ಮೇಲಕ್ಕೆ. ನರ ಉಬ್ಬಿ ಹಾವಿನಂತೆ ಸುತ್ತಿಕೊಂಡವರಿಗೆ ಅದನ್ನೂ ಬಿಡಬೇಕು.

ಇನ್ನು ಕಾವು. ಉಪ್ಪಿನ ಗಂಟು ಎಲ್ಲರಿಗೂ ಗೊತ್ತು: ಕಲ್ಲುಪ್ಪು ಅರ್ಧ ಕಿಲೋ, ಹಂಚಿನ ಮೇಲೆ ಚಟಪಟ ನಿಲ್ಲುವ ತನಕ ಹುರಿದು ದಪ್ಪ ಹತ್ತಿ ಬಟ್ಟೆಯಲ್ಲಿ ಕಟ್ಟುವುದು. ಹಳೆ ಸೀರೆ ಕೈಗೆ ಸಿಕ್ಕಿತೆಂದು ಕಟ್ಟಬೇಡಿ. ಪಾಲಿಸ್ಟರ್ ಆದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ನಮಗೆ ಉಪ್ಪಿಗಿಂತ ಸೊಪ್ಪಿನ ಗಂಟು ಮೆಚ್ಚು, ಅದರ ಕಾವು ಹಸಿಯಾಗಿರುತ್ತದೆ, ಚರ್ಮ ಒಣಗಿಸುವುದಿಲ್ಲ. ಕಷಾಯಕ್ಕೆ ಹಿಂಡಿದ ಲಕ್ಕಿ ಸೊಪ್ಪು ಚೆಲ್ಲದೆ, ತಿಕ್ಕಿದ ಮೊದಲ ಎರಡು ದಿನಕ್ಕೆ ಅದನ್ನೇ ಎರಡು ಚಮಚ ಎಣ್ಣೆ ಹಾಕಿ ಹುರಿದು ಗಂಟು ಕಟ್ಟಿದೆವು; ಆಮೇಲೆ ಹಸಿ ಸೊಪ್ಪು ತಂದೆವು. ಗಂಟು ಎರಡಿರಬೇಕು: ಒಂದು ಕಾಲಿನ ಮೇಲೆ, ಒಂದು ಹಂಚಿನ ಮೇಲೆ. ಕಾಲಿಗೆ ಹತ್ತು ಹನ್ನೆರಡು ನಿಮಿಷ. ಗಂಟನ್ನು ಒಂದೇ ಕಡೆ ಒತ್ತಿ ಹಿಡಿಯದೆ ಆಡಿಸುತ್ತಿರಬೇಕು.

ಇಡೀ ಪದ್ಧತಿಯಲ್ಲಿ ಅತಿ ಹೆಚ್ಚು ಅನಾಹುತ ಆಗುವುದು ಇಲ್ಲಿ, ಅದೂ ಸಕ್ಕರೆ ಕಾಯಿಲೆಯವರಿಗೆ. ಕಾಲು ಜೋಮು ಹಿಡಿದವರಿಗೆ ಸುಡುವುದು ತಿಳಿಯುವುದಿಲ್ಲ. "ಇನ್ನೊಂಚೂರು ಬಿಸಿ ಮಾಡು" ಎನ್ನುತ್ತಲೇ ಬೊಬ್ಬೆ ಎದ್ದಿರುತ್ತದೆ, ಆ ಗಾಯ ತಿಂಗಳಾದರೂ ಮಾಯುವುದಿಲ್ಲ. ಬಿಸಿ ನೋಡಬೇಕಾದದ್ದು ಕಾವು ಕೊಡುವವರ ಮುಂಗೈ. ಐದು ಎಣಿಸುವ ತನಕ ತಡೆದರೆ ಮಾತ್ರ ಅವರ ಕಾಲಿಗೆ. ಜೋಮು ಪೂರ್ತಿ ಇದ್ದರೆ ಕಾವೇ ಬೇಡ, ತಿಕ್ಕುವುದೇ ಸಾಕು. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗಲೂ ನಾವು ಕಾವು ಬಿಟ್ಟುಬಿಡುತ್ತೇವೆ, ನಮ್ಮ ಊರಿನ ಬಿಸಿಲೇ ಸಾಕಷ್ಟು ಕೊಡುತ್ತದೆ.

ಎಕ್ಕಿ ಎಲೆ ಕಟ್ಟುವುದು ಹಳ್ಳಿಯಲ್ಲಿ ರೂಢಿ. ಕಿತ್ತ ಎಲೆಯ ಹಾಲು ಪೂರ್ತಿ ಸೋರಿಸಿ, ತೊಳೆದು, ಒರೆಸಿ, ಎಣ್ಣೆ ಸವರಿ ಬೆಚ್ಚಗೆ ಮಾಡಿ, ತೆಳು ಬಟ್ಟೆಯ ಮೇಲಿಂದ ಅರ್ಧ ತಾಸು ಕಟ್ಟಿದರೆ ತೊಂದರೆಯಿಲ್ಲ. ರಾತ್ರಿಯಿಡೀ ಕಟ್ಟಿಕೊಂಡು ಮಲಗಿದರೆ ಚರ್ಮ ಸುಲಿಯುತ್ತದೆ. ಆ ಹಾಲಿನ ಕೈ ಕಣ್ಣಿಗೆ ಹೋದರೆ ದೃಷ್ಟಿಗೇ ಕುತ್ತು. ದೋಬಿಗಳು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರುಬೀಜದ (ಗೋಡಂಬಿಯದಲ್ಲ) ಎಣ್ಣೆ, ಹಸಿ ಬಳ್ಳೊಳ್ಳಿ ಅರೆದು ಕಟ್ಟುವುದು, ಇವೆರಡೂ ನೋವನ್ನು ಬೊಬ್ಬೆಯ ಉರಿಯಿಂದ ಮರೆಸುತ್ತವೆ, ಬೇರೇನಿಲ್ಲ. ಜಾತ್ರೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ ಎರಡೇ ದಿನದಲ್ಲಿ ಎಬ್ಬಿಸಿ ಓಡಾಡಿಸಿದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದೆಂದು ಅನುಮಾನ ಪಡಬೇಕು. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಮೆಡಿಕಲ್ ಅಂಗಡಿಯ ಘಾಟು ಮುಲಾಮನ್ನೂ ಮೈತುಂಬ ಬಳಿದುಕೊಳ್ಳಬಾರದು. ಅದರಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕ ಒಳಗೆ ಹೋಗಿ ಆ ಮಾತ್ರೆಯ ಬಲ ಹೆಚ್ಚಿಸುತ್ತದೆ. ಟೊಂಕ ನೋವಿಗೆ ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದೂ ಅಷ್ಟೇ. ವಯಸ್ಸಾದವರ ಎಲುಬು ಟೊಳ್ಳಾಗಿರುತ್ತದೆ, ಬೆನ್ನುಮೂಳೆ ಕುಸಿದರೆ ವಾರಗಟ್ಟಲೆ ನರಳಬೇಕು.

ಕಾವು ಮುಗಿದ ಕೂಡಲೇ ಕಾಲಿನ ಎಣ್ಣೆ, ಅದರಲ್ಲೂ ಅಂಗಾಲಿನ ಎಣ್ಣೆ, ಒಣ ಬಟ್ಟೆಯಲ್ಲಿ ಒರೆಸಬೇಕು. ಇದನ್ನು ಹೇಳಲು ಕಾರಣ ನಮ್ಮ ಮನೆಗಳ ನೆಲ. ತಿಕ್ಕಿ ತಿಕ್ಕಿ ನುಣುಪಾದ ಫರ್ಸಿ, ಅದರ ಮೇಲೆ ಎಣ್ಣೆಗಾಲು, ಬಚ್ಚಲಿನ ನೀರು. ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಸಿಕೊಂಡವರು ಚಪ್ಪೆ, ಅಂದರೆ ಸೊಂಟದ ಎಲುಬು, ಮುರಿದುಕೊಳ್ಳುವುದು ಹೀಗೆ. ಸ್ನಾನಕ್ಕೆ ಕಡಲೆಹಿಟ್ಟು, ಬಚ್ಚಲಲ್ಲಿ ಗೋಣಿತಾಟು.

ಮೊದಲ ಮೂರು ದಿನ ಕಾಕಿಯ ತೊಡೆ ನೋಯುತ್ತಿತ್ತು, ಹೊಲದ ಕೆಲಸ ಮಾಡಿ ಬಂದ ಮಾರನೆ ದಿನದಂತೆ. ಅದು ಒಂದು ದಿನದೊಳಗೆ ಇಳಿದರೆ ಸರಿ. ಇಳಿಯದಿದ್ದರೆ ಒತ್ತು ಕಡಿಮೆ ಮಾಡಬೇಕು. ಆರನೇ ದಿನಕ್ಕೆ ಬೆಳಗಿನ ಬಿಗಿತ ಐದು ನಿಮಿಷಕ್ಕೆ ಬಂತು. ಇಲ್ಲಿ ಬಹಳ ಮಂದಿ ಆರಾಮಾಯಿತೆಂದು ನಿಲ್ಲಿಸುತ್ತಾರೆ, ಹತ್ತು ದಿನಕ್ಕೆ ನೋವು ಮರಳುತ್ತದೆ, ಎಣ್ಣೆಯನ್ನು ಬೈಯುತ್ತಾರೆ. ತಿಕ್ಕುವುದರಿಂದ ಸವೆದ ಮೃದ್ವಸ್ಥಿ ಬೆಳೆಯುವುದಿಲ್ಲ. ಸಿಗುವುದು ಕೆಲವು ತಾಸಿನ ಸಡಿಲ. ಆ ಸಡಿಲದಲ್ಲಿ ತೊಡೆಗೆ ಕೆಲಸ ಕೊಟ್ಟರೆ ಮಾತ್ರ ಲಾಭ.

ಹಾಗಾಗಿ ಏಳನೇ ದಿನದಿಂದ, ಕಾವು ಮುಗಿದ ಅರ್ಧ ತಾಸಿನೊಳಗೆ ಮೂರು ಕೆಲಸ. ಮೊಣಕಾಲಡಿ ಟವೆಲ್ ಸುತ್ತಿ ಇಟ್ಟು ಅದನ್ನು ನೆಲಕ್ಕೆ ಒತ್ತಿ ಐದು ಎಣಿಸುವುದು, ಹತ್ತು ಸಲ. ಒಂದು ಕಾಲು ಮಡಚಿ ಇನ್ನೊಂದನ್ನು ನೇರ ಗೇಣುದ್ದ ಎತ್ತಿ ಐದು ಎಣಿಸಿ ಇಳಿಸುವುದು, ಹತ್ತು ಸಲ. ಕುರ್ಚಿಯಿಂದ ಎದ್ದು ಕೂರುವುದು, ಬರುವಷ್ಟು ಸಲ, ಕೂರುವಾಗ ಧಪ್ಪನೆ ಬೀಳದೆ ನಿಧಾನ ಇಳಿಯುತ್ತ. ರೊಟ್ಟಿ ಬಡಿಯುವುದನ್ನು ಕಟ್ಟೆಯ ಮೇಲೆ ನಿಂತು ಮಾಡಿ ಎಂದೆವು. ಮೊದಲ ನಾಲ್ಕು ರೊಟ್ಟಿ ಹರಿದವು, ನಿಂತರೆ ಕೈಯ ಓಟವೇ ಬೇರೆಯಂತೆ. ಎರಡನೇ ವಾರಕ್ಕೆ ರೂಢಿಯಾಯಿತು. ತೂಕದ ಮಾತನ್ನೂ ಎತ್ತಿದೆವು: ಒಂದು ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಪ್ಪುತ್ತದೆ. ಕಾಕಿ ಕೇಳಿಸಿಕೊಳ್ಳದವರಂತೆ ಇದ್ದರು.

ಹತ್ತೊಂಬತ್ತನೇ ದಿನಕ್ಕೆ ಬಾಟಲಿ ಖಾಲಿ. ಉಳಿದ ಎರಡು ದಿನ ಬರೀ ಎಳ್ಳೆಣ್ಣೆ, ಅದೇ ಕೈ, ಅದೇ ಸೊಪ್ಪಿನ ಗಂಟು. ವಾಸನೆ ಬೇರೆಯಾದದ್ದು ಕಾಕಿಯ ಮೂಗಿಗೆ ತಕ್ಷಣ ಗೊತ್ತಾಯಿತು, ಮೊಣಕಾಲಿಗೆ ಗೊತ್ತಾಗಲಿಲ್ಲ. ಲಕ್ಕಿಯನ್ನು ಕಡೆಗಣಿಸಿ ಹೇಳುತ್ತಿಲ್ಲ. ಅದರ ಘಾಟು, ಕರ್ಪೂರದ ತಂಪು ನೋವನ್ನು ಸ್ವಲ್ಪ ಮರೆಸುತ್ತವೆ, ತಿಕ್ಕುವವರಿಗೂ ಶ್ರದ್ಧೆ ಬರುತ್ತದೆ. ಆದರೆ ಸೊಪ್ಪು ಸಿಗದವರು, ಎರಡು ತಾಸು ಒಲೆ ಮುಂದೆ ನಿಲ್ಲಲಾಗದವರು ಬರೀ ಎಳ್ಳೆಣ್ಣೆಯಲ್ಲೇ ಶುರು ಮಾಡಬಹುದು.

ಇಪ್ಪತ್ತೊಂದನೇ ದಿನ ಕುರ್ಚಿಯ ಎಣಿಕೆ ಹತ್ತಕ್ಕೆ ಬಂತು. ಕರಕರ ಸದ್ದು ಇದ್ದಲ್ಲೇ ಇದೆ, ಅದು ಹೋಗುವುದಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಈಗಲೂ ಹಿಡಿಯುತ್ತಾರೆ, ಕೆಳಗಿನ ಎರಡು ಮೆಟ್ಟಿಲಿಗೆ ಮಾತ್ರ. ಈಗ ತಿಕ್ಕುವುದು ವಾರಕ್ಕೆ ಎರಡು ಸಲ, ಟವೆಲ್ ಒತ್ತುವುದು ದಿನಾ. ಮುಂದಿನ ಎಣಿಕೆ ಯುಗಾದಿಗೆ.